ಕಲ್ಲನ್ನು ಓದಬಲ್ಲವನೇ ಉದ್ಯಮಿಯಾಗಲಿ

ಮಾನ್ಯ ಸಂಪಾದಕರಿಗೆ,

ವಸ್ತುಸಂಗ್ರಹಾಲಯ ಮತ್ತು ಚಿತ್ರಶಾಲೆಗಳ ಉದ್ಯಮಶೀಲತೆಯೆಂಬ ವಿಷಯದಲ್ಲಿ ಸ್ನಾತಕೋತ್ತರ ವ್ಯಾಸಂಗವನ್ನು ನಮ್ಮ ವಿಶ್ವವಿದ್ಯಾನಿಲಯಗಳೂ ಆರಂಭಿಸಬೇಕೆಂದು ವಾದಿಸಿ ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ ಲೇಖನವನ್ನು ಆದರದಿಂದ ಓದಿದೆನು. ಪ್ರವೇಶಶುಲ್ಕ, ಸ್ಮರಣಿಕೆಗಳ ಅಂಗಡಿ, ಉಪಾಹಾರಗೃಹ, ಸಮಾರಂಭಗಳಿಗೆ ಬಾಡಿಗೆಗೆ ಕೊಡುವ ಸಭಾಂಗಣ, ಪ್ರಾಯೋಜಕರ ಧನಸಹಾಯ ಇವನ್ನೆಲ್ಲ ಸಂಘಟಿಸಬಲ್ಲ ತರುಣರು ಬಂದ ಹೊರತು ನಮ್ಮ ಸಂಗ್ರಹಾಲಯಗಳಿಗೆ ಏಳ್ಗೆಯಿಲ್ಲವೆಂಬುದು ಲೇಖಕರ ಅಭಿಮತ. ಅಂತಹ ವ್ಯಾಸಂಗವೇ ಬೇಡವೆಂದು ಹೇಳುವವನು ನಾನಲ್ಲ. ಆದರೆ ಅವರು ಸೂಚಿಸಿರುವ ಪಾಠಕ್ರಮದಲ್ಲಿ ವ್ಯವಹಾರಜ್ಞಾನಕ್ಕೆ ಮೊದಲ ಮಣೆಯೂ, ವಸ್ತುಜ್ಞಾನಕ್ಕೆ ಪಂಕ್ತಿಯ ಕೊನೆಯ ಎಲೆಯೂ ಸಂದಿರುವುದನ್ನು ಕಂಡು ಸುಮ್ಮನಿರಲಾರದೆ ಈ ಪತ್ರವನ್ನು ಬರೆಯುತ್ತಿದ್ದೇನೆ.

ನಾನು ಮದ್ದೂರು ತಾಲ್ಲೂಕಿನವನು. ನಮ್ಮ ತಾಲ್ಲೂಕಿನ ಆತಕೂರಿನಲ್ಲಿ ದೊರೆತು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಹತ್ತನೆಯ ಶತಮಾನದ ಶಿಲಾಶಾಸನವೊಂದನ್ನು ತಮ್ಮ ವಾಚಕರಲ್ಲಿ ಹಲವರು ನೋಡಿರಬಹುದು. ರಾಷ್ಟ್ರಕೂಟ ಮುಮ್ಮಡಿ ಕೃಷ್ಣನ ಪಕ್ಷದಲ್ಲಿ ನಿಂತು ಗಂಗರ ಬೂತುಗನು ತಕ್ಕೋಲದ ರಣರಂಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಕಾಲವದು. ಆ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನೆಂಬ ವೀರನು, ಒಡೆಯನು ಮೆಚ್ಚಿ ಬೇಕಾದುದನ್ನು ಕೇಳೆಂದಾಗ, ಊರನ್ನಾಗಲಿ ಹೊನ್ನನ್ನಾಗಲಿ ಬೇಡದೆ ಕಾಳಿಯೆಂಬ ಬೇಟೆನಾಯಿಯನ್ನು ಬೇಡಿ ಪಡೆದನು. ಮುಂದೆ ಆ ನಾಯಿಯು ದೊಡ್ಡದೊಂದು ಹಂದಿಯೊಡನೆ ಸೆಣಸಿ, ಎರಡೂ ಒಂದನ್ನೊಂದು ಕೊಂದು ಬಿದ್ದವು. ಆ ನಾಯಿಯ ನೆನಪಿಗೆ ದೇಗುಲದ ಮುಂದೆ ಈ ಕಲ್ಲನ್ನು ನಿಲ್ಲಿಸಿದುದಲ್ಲದೆ, ಅದರ ಪೂಜೆಗೆಂದು ಭೂಮಿಯನ್ನು ಬಿಟ್ಟು, ಈ ಕಲ್ಲನ್ನು ಪೂಜಿಸದೆ ಉಂಡ ಗೊರವನಿಗೆ, ಎಂದರೆ ಶೈವ ಪೂಜಾರಿಗೆ, ನಾಯಿಯ ಪಾಪ ತಟ್ಟುವುದೆಂದು ಶಾಸನದಲ್ಲಿಯೇ ಕೊರೆಯಿಸಿದರು. ಸಂಗ್ರಹಾಲಯದ ಉದ್ಯಮಶೀಲತೆ ಎಂದರೇನೆಂದು ನನ್ನನ್ನು ಕೇಳುವುದಾದರೆ ನಾನು ಈ ಕಲ್ಲನ್ನೇ ತೋರಿಸುವೆನು. ವಸ್ತುವಿನ ಪೋಷಣೆಗೆ ಉತ್ಪತ್ತಿಯೊಂದು ಬೇಕು, ಅದನ್ನು ನೋಡಿಕೊಳ್ಳುವ ಹೊಣೆಗಾರನೊಬ್ಬನು ಬೇಕು ಎಂಬುದನ್ನು ಆ ಜನ ಚೆನ್ನಾಗಿ ಬಲ್ಲವರಾಗಿದ್ದರು. ಆದರೆ ಅವರ ಮನಸ್ಸಿನಲ್ಲಿ ಮೊದಲು ಬಂದುದು ಕಾಳಿಯ ಮೇಲಿನ ಪ್ರೀತಿ; ಭೂಮಿಯ ಮಾತು ಆಮೇಲಿನದು.

ಹಲವು ವರ್ಷಗಳ ಹಿಂದೆ, ನಾನಿನ್ನೂ ಪ್ರೌಢಶಾಲೆಯಲ್ಲಿ ಉಪಾಧ್ಯಾಯನಾಗಿದ್ದಾಗ, ಮಕ್ಕಳನ್ನು ಒಂದು ಸಂಗ್ರಹಾಲಯಕ್ಕೆ ಕರೆದೊಯ್ದಿದ್ದೆನು. ಸಾಲಾಗಿ ನಿಂತ ಕಲ್ಲುಗಳ ಮುಂದೆಲ್ಲ 'ವೀರಗಲ್ಲು' ಎಂಬ ಒಂದೇ ಪದದ ಫಲಕ. ಯಾವ ಊರಿನದು, ಯಾರು ಸತ್ತರು, ಏತಕ್ಕಾಗಿ ಸತ್ತರು ಎಂಬುದೊಂದೂ ಇಲ್ಲ. ಮಕ್ಕಳು ಅವುಗಳ ಮುಂದೆ ಅರೆಗಳಿಗೆಯೂ ನಿಲ್ಲದೆ ಬಾಗಿಲಿನಾಚೆಯ ಐಸ್‌ಕ್ರೀಮಿನ ಗಾಡಿಯ ಕಡೆಗೆ ಓಡಿದರು. ಆಗ ನಾನು ಒಬ್ಬ ಹುಡುಗನನ್ನು ಹಿಡಿದು ನಿಲ್ಲಿಸಿ, ಕೆಳಗಿನ ಪಟ್ಟಿಕೆಯಲ್ಲಿ ಕಾದಾಟ, ನಡುವಿನದರಲ್ಲಿ ಸತ್ತವನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಶಿವಲಿಂಗದ ಸನ್ನಿಧಿ ಎಂದು ಬೆರಳಿಟ್ಟು ತೋರಿಸಿದಾಗ, ಉಳಿದವರೂ ಒಬ್ಬೊಬ್ಬರಾಗಿ ಹಿಂದಿರುಗಿ ಬಂದು ನನ್ನ ಸುತ್ತ ನೆರೆದು, ಮುಂದಿನ ಕಲ್ಲನ್ನು ತಾವೇ ಓದತೊಡಗಿದರು. ಅಲ್ಲಿ ಕೊರತೆಯಾಗಿದ್ದುದು ಅಂಗಡಿಯಲ್ಲ, ನಾಲ್ಕು ಸಾಲಿನ ಫಲಕ. ಅದನ್ನು ಬರೆಯಲು ಹಳಗನ್ನಡವನ್ನೂ ಶಿಲ್ಪವನ್ನೂ ಬಲ್ಲ ಒಬ್ಬ ವ್ಯಕ್ತಿ.

ಉದ್ಯಮಶೀಲತೆಗೆ ನಿದರ್ಶನವನ್ನು ಹುಡುಕಿಕೊಂಡು ಲೇಖಕರು ಸಮುದ್ರ ದಾಟಿ ಹೋಗಬೇಕಾಗಿರಲಿಲ್ಲ. ಸರ್ಕಾರದ ಉನ್ನತಾಧಿಕಾರಿಯಾಗಿದ್ದ ಎಚ್. ಎಲ್. ನಾಗೇಗೌಡರು ಊರೂರು ಅಲೆದು ಹಾಡುಗಳನ್ನೂ, ಜನರು ಮೂಲೆಗೆಸೆದಿದ್ದ ಒನಕೆ, ಒರಳು, ಕೊಳಗ, ನೇಗಿಲುಗಳನ್ನೂ ಕೂಡಿಹಾಕಿ, 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಕಟ್ಟಿ, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕವನ್ನು ತೆರೆದರು. ಮಣಿಪಾಲದ ವಿಜಯನಾಥ ಶೆಣೈಯವರಾದರೋ ಬ್ಯಾಂಕಿನ ನೌಕರಿಯಲ್ಲಿದ್ದವರು. ಹಳೆಯ ಮನೆಗಳನ್ನು ಕೆಡವಿ ಕಂಬ ಬಾಗಿಲುಗಳನ್ನು ಮರದ ಬೆಲೆಗೆ ಮಾರುತ್ತಿದ್ದ ಕಾಲದಲ್ಲಿ ಅವನ್ನು ಉಳಿಸಹೊರಟು, ಕೊನೆಗೆ ಕುಂಜೂರಿನ ಚೌಕಿಮನೆ, ಕುಕನೂರಿನ ಕಮಲ ಮಹಲುಗಳಂತಹ ಇಡಿಯ ಕಟ್ಟಡಗಳನ್ನೇ ಬಿಚ್ಚಿ ತಂದು ಮರಳಿ ನಿಲ್ಲಿಸಿದ ಸಾಹಸಿ. ಯಾವ ತೊಲೆ ಯಾವ ಕಂಬದ ಮೇಲೆ ಕೂರಬೇಕೆಂಬುದನ್ನು ಅರಿಯದ ವ್ಯವಹಾರಚತುರನೊಬ್ಬನು ಆ ಕಾರ್ಯಕ್ಕೆ ಕೈಹಾಕಿದ್ದರೆ ಉಳಿಯುತ್ತಿದ್ದುದು ಸೌದೆ ಮಾತ್ರ.

ವಸ್ತುಸಂಗ್ರಹಾಲಯಶಾಸ್ತ್ರದ ಉನ್ನತ ವ್ಯಾಸಂಗ ನಮ್ಮ ದೇಶಕ್ಕೆ ಹೊಸದೂ ಅಲ್ಲ. ಬರೋಡೆಯ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾನಿಲಯದಲ್ಲಿ ಅದು 1952ರಲ್ಲಿಯೇ, ಎಂದರೆ ಇಂಗ್ಲೆಂಡಿನ ಲೆಸ್ಟರಿನಲ್ಲಿ ಅಂತಹ ವಿಭಾಗವೊಂದು ತೆರೆದ 1966ಕ್ಕಿಂತ ಬಹು ಮುಂಚೆಯೇ, ಆರಂಭವಾಯಿತು. ಆ ಶಾಸ್ತ್ರಕ್ಕೆ ಹಣಕಾಸಿನ ವಿವೇಕವನ್ನು ಕೂಡಿಸುವುದು ಒಂದು. ಹಣಕಾಸಿನ ಪಾಠಕ್ಕೆ ಸಂಗ್ರಹಾಲಯದ ಹೆಸರನ್ನು ಅಂಟಿಸುವುದು ಮತ್ತೊಂದು.

ಸಭಾಂಗಣದ ಬಾಡಿಗೆಯ ವಿಚಾರವನ್ನೇ ತೆಗೆದುಕೊಳ್ಳೋಣ. ಜಲವರ್ಣದ ಚಿತ್ರದ ಮೇಲೆ 50 ಲಕ್ಸ್‌ಗಿಂತ ಹೆಚ್ಚಿನ ಬೆಳಕು ಬೀಳಬಾರದೆಂಬುದು ಸಂರಕ್ಷಕರಲ್ಲಿ ರೂಢಿಯಾಗಿರುವ ನಿಯಮ. ಬೆಳಕಿನಿಂದ ಒಮ್ಮೆ ಮಾಸಿದ ಬಣ್ಣವನ್ನು ಯಾವ ಪ್ರಾಯೋಜಕನೂ ಹಿಂದಕ್ಕೆ ತಂದುಕೊಡಲಾರನು. ಕೆ. ವೆಂಕಟಪ್ಪನವರ ಉದಕಮಂಡಲದ ಜಲವರ್ಣಚಿತ್ರಗಳಂತಹವು ಇರುವೆಡೆಯಲ್ಲಿ ಔತಣದ ದೀಪಗಳನ್ನು ಹೊತ್ತಿಸಬಹುದೇ, ಬಾರದೇ ಎಂಬ ಪ್ರಶ್ನೆಗೆ ಲೆಕ್ಕದ ಪುಸ್ತಕದಲ್ಲಿ ಉತ್ತರವಿಲ್ಲ. 2016ರಲ್ಲಿ ಆ ಚಿತ್ರಗಳಿರುವ ಚಿತ್ರಶಾಲೆಯ ನಿರ್ವಹಣೆಯನ್ನು ಖಾಸಗಿಯವರಿಗೆ ವಹಿಸುವ ಮಾತು ಬಂದಾಗ ಕಲಾವಿದರು ಒಗ್ಗೂಡಿ ವಿರೋಧಿಸಿದುದನ್ನು ಲೇಖಕರು ಹೊಸತನದ ಮೇಲಿನ ಅಸಹನೆಯೆಂದು ಎಣಿಸಿರುವುದು ನನಗೆ ನ್ಯಾಯವೆನಿಸಲಿಲ್ಲ. ಚಿತ್ರಶಾಲೆಯ ವ್ಯಾಪಾರಕ್ಕೂ ಇದೇ ಮಾತು. 1972ರ ಪ್ರಾಚ್ಯವಸ್ತು ಮತ್ತು ಕಲಾನಿಧಿ ಕಾಯಿದೆಯಂತೆ ನೂರು ವರ್ಷ ದಾಟಿದ ಶಿಲ್ಪವೂ ಚಿತ್ರವೂ, ಎಪ್ಪತ್ತೈದು ವರ್ಷ ದಾಟಿದ ಹಸ್ತಪ್ರತಿಯೂ ಪ್ರಾಚ್ಯವಸ್ತುಗಳೇ. ಖಾಸಗಿಯವರು ಅವನ್ನು ದೇಶದಿಂದಾಚೆಗೆ ಸಾಗಿಸುವಂತಿಲ್ಲ, ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ನಡೆಸುವಂತೆಯೂ ಇಲ್ಲ. ತಾಳೆಗರಿಯ ವಯಸ್ಸನ್ನು ಅಕ್ಷರದ ಬಳುಕಿನಿಂದ ಊಹಿಸಲಾರದವನು ಈ ಕಾಯಿದೆಯನ್ನು ಪಾಲಿಸುವ ಬಗೆಯಾದರೂ ಹೇಗೆ?

ಇನ್ನೊಂದು ಸಂಗತಿಯನ್ನು ನೋವಿನಿಂದ ಹೇಳಬೇಕಾಗಿದೆ. ನನ್ನ ಶಿಷ್ಯೆಯೊಬ್ಬಳು ಹೊರರಾಜ್ಯಕ್ಕೆ ಹೋಗಿ ಈ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದು ಬಂದು, ಮೂರು ವರ್ಷ ಅರ್ಜಿ ಹಾಕಿ ಹಾಕಿ ದಣಿದು, ಈಗ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತಳಾಗಿದ್ದಾಳೆ. ತುಂಬಬೇಕಾದ ಹುದ್ದೆಗಳನ್ನು ತುಂಬದೆ ಹೊಸ ಪದವಿಯನ್ನು ತೆರೆದರೆ ಅದು ಅಂತಹ ಇನ್ನೂ ಹಲವರ ಯೌವನವನ್ನು ನುಂಗುವುದು.

ಆದಕಾರಣ ಲೇಖಕರಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ತಾವು ಕಲ್ಪಿಸಿರುವ ನಾಲ್ಕು ಅರ್ಧವರ್ಷಗಳಲ್ಲಿ ವಿದ್ಯಾರ್ಥಿಯು ಉಗ್ರಾಣದೊಳಗೆ ಕುಳಿತು, ವಸ್ತುಗಳನ್ನು ಕೈಯಲ್ಲಿ ಹಿಡಿದು, ಅಳೆದು, ದಾಖಲೆ ಪುಸ್ತಕಕ್ಕೆ ಬರೆದು, ಫಲಕ ರಚಿಸುವ ಕೆಲಸಕ್ಕೆ ಎಷ್ಟು ತಿಂಗಳುಗಳನ್ನು ಮೀಸಲಿಡುವಿರೆಂಬುದನ್ನು ಇದೇ ಅಂಕಣದಲ್ಲಿ ತಿಳಿಸಬೇಕು. ಎರಡು ಅರ್ಧವರ್ಷಗಳಿಗೆ ಕಡಿಮೆಯಿಲ್ಲವೆಂದು ತಾವು ಹೇಳುವುದಾದರೆ ಆ ಯೋಜನೆಗೆ ಮೊದಲ ಸಹಿ ನನ್ನದು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಉಪಾಧ್ಯಾಯ, ಮದ್ದೂರು