ಗೂಡು ಅಲುಗಾಡಿಸಿ ನೋಡದೆ ಹಣ ಕಟ್ಟಬೇಡಿ

ಹೋದ ತಿಂಗಳು ಶಿಡ್ಲಘಟ್ಟದ ಒಬ್ಬ ರೀಲರ್ ಮನೆಯಲ್ಲಿ ನಮಗೆ ಊಟವಿತ್ತು. ಊಟ ಮುಗಿದು ಸುಲೈಮಾನಿ ಬರುವ ಹೊತ್ತಿಗೆ ಆ ಮನೆಯ ಹತ್ತು ವರ್ಷದ ಹುಡುಗ ಮೊಬೈಲ್ ತಂದು ಮುಂದೆ ಹಿಡಿದ. ನೀಲಿ ಹೆಂಚಿನ ಮೂರು ಭಾರೀ ಕಟ್ಟಡ, ನಡುವೆ ದೊಡ್ಡ ಅಂಗಳ. "ಹಜ್ರತ್, ಇದೂ ಮದ್ರಸಾನಾ?" ಅಂತ ಕೇಳಿದ. ಹೌದು ಎಂದೆವು. ಹುಡುಗ ನಂಬಲಿಲ್ಲ. ನಂಬುವುದು ಹೇಗೆ? ನಾವು ಅವನಿಗೆ ಕಲಿಸುವ ಮದ್ರಸ ಶೀಟು ಹೊದಿಸಿದ ಎರಡು ಕೋಣೆ. ಮಳೆ ಜೋರಾದರೆ ಮಕ್ಕಳು ಓದಿದ್ದು ನಮಗೆ ಕೇಳಿಸುವುದಿಲ್ಲ.

ಅದು ಉಜ್ಬೇಕಿಸ್ತಾನದ ಸಮರ್ಕಂದ್ ನಗರದ ರೆಗಿಸ್ತಾನ್ ಚೌಕ. ಬರುವ ಬೇಸಿಗೆ ರಜೆಯಲ್ಲಿ ಆ ಮನೆಯ ಆರು ಜನ ಅಲ್ಲಿಗೆ ಹೊರಟಿದ್ದಾರೆ. ನಮ್ಮನ್ನು ಊಟಕ್ಕೆ ಕರೆದದ್ದು ಎರಡು ಮಾತು ಕೇಳಲಿಕ್ಕೆ. ಹೋಗುವುದು ದೀನಿನ ಪ್ರಕಾರ ಸರಿಯಾ ಎಂಬುದು ಒಂದು. ಮೋಸ ಹೋಗದೆ ಹೋಗಿ ಬರುವುದು ಹೇಗೆ ಎಂಬುದು ಇನ್ನೊಂದು. ನಮಗೆ ಎರಡನೆಯದೇ ಹೆಚ್ಚು ಭಾರವಾಗಿ ಕಂಡಿತು. ಕಾರಣ ಹೇಳುತ್ತೇವೆ.

ಕರಾವಳಿ ಬಿಟ್ಟು ಈ ಬಯಲುಸೀಮೆಗೆ ಬಂದು ನಮಗೆ ಹದಿನೈದು ವರ್ಷ ದಾಟಿತು. ಚಿಂತಾಮಣಿ, ಗೌರಿಬಿದನೂರು, ಚಿಕ್ಕಬಳ್ಳಾಪುರದಲ್ಲಿ ವ್ಯಾಪಾರಕ್ಕೆ ಬಂದು ನೆಲೆ ನಿಂತ ನಮ್ಮ ಬ್ಯಾರಿ ಮನೆಗಳಿವೆ. ವರ್ಷದ ಹಿಂದೆ ಅಂಥ ಒಂದು ಮನೆಯವರು 'ಇಸ್ತಾಂಬುಲ್ ಸಹಿತ ಉಮ್ರಾ' ಎಂಬ ಪ್ಯಾಕೇಜಿಗೆ ಹಣ ಕಟ್ಟಿದರು. ರೀಲ್ಸ್‌ನಲ್ಲಿ ನೋಡಿದ್ದು, ವಾಟ್ಸ್ಆ್ಯಪ್‌ನಲ್ಲಿ ಮಾತಾಡಿದ್ದು, ಗೂಗಲ್ ಪೇಯಲ್ಲಿ ಕಳಿಸಿದ್ದು. ಟರ್ಕಿಯ ಇ-ವೀಸಾ ಎರಡೇ ದಿನದಲ್ಲಿ ಬರುತ್ತದೆ ಎಂದು ಏಜೆಂಟ್ ಹೇಳಿದ್ದ, ಒಂದು ಕಾಗದವೂ ಬಂತು. ದೇವನಹಳ್ಳಿಯ ವಿಮಾನ ನಿಲ್ದಾಣದ ಕೌಂಟರಿನಲ್ಲಿ ಅದು ನಡೆಯಲಿಲ್ಲ. ಅಮೆರಿಕ, ಬ್ರಿಟನ್, ಐರ್ಲೆಂಡ್ ಅಥವಾ ಷೆಂಗೆನ್ ದೇಶಗಳ ಚಾಲ್ತಿ ವೀಸಾ ಇಲ್ಲವೇ ವಾಸದ ಪರವಾನಗಿ ಇರುವ ಭಾರತೀಯರಿಗೆ ಮಾತ್ರ ಟರ್ಕಿ ಇ-ವೀಸಾ ಕೊಡುತ್ತದೆ. ಇಲ್ಲದವರು ಪಾಸ್‌ಪೋರ್ಟ್ ಕೊಟ್ಟು ವೀಸಾ ಅಂಟಿಸಿಕೊಂಡೇ ಹೋಗಬೇಕು. ಆ ದೇಶದ ಸರ್ಕಾರಿ ಜಾಲತಾಣದಲ್ಲಿ ಇದು ಬರೆದೇ ಇದೆ. ಓದಲು ಐದು ನಿಮಿಷ ಸಾಕಿತ್ತು.

ಐದು ಜನ, ಬಿಳಿ ಬಟ್ಟೆ ತುಂಬಿದ ಪೆಟ್ಟಿಗೆಗಳ ಸಮೇತ ಮನೆಗೆ ವಾಪಸ್. ಆ ಮನೆಯ ಉಮ್ಮ ಬಳೆ ಮಾರಿ ಕೂಡಿಸಿದ ದುಡ್ಡು ಅದು. ಈಗ ಅವರಿಗೆ ಮಂಡಿನೋವು, ನಾಲ್ಕು ಹೆಜ್ಜೆ ನಡೆದರೆ ಕೂರಬೇಕು. ಪೊಲೀಸರಿಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆವು. "ಇಬಾದತ್ತಿನ ವಿಷಯ, ಬೀದಿಗೆ ತರುವುದು ಬೇಡ ಉಸ್ತಾದ್" ಎಂದರು. ಆನ್‌ಲೈನ್‌ನಲ್ಲಿ ಹಣ ಕಳಕೊಂಡವರು ತಡ ಮಾಡದೆ 1930ಕ್ಕೆ ಫೋನ್ ಮಾಡಬೇಕು ಎಂಬುದೂ ಅವರಿಗೆ ಗೊತ್ತಿರಲಿಲ್ಲ.

ಇನ್ನೊಂದು ಮಾತು ಬರೆಯಲು ನಮಗೆ ಕಷ್ಟವಾಗುತ್ತಿದೆ, ಬರೆಯದಿದ್ದರೆ ತಪ್ಪಾಗುತ್ತದೆ. ಆ ಏಜೆಂಟನ ನಂಬರು ಕೊಟ್ಟದ್ದು ನಮ್ಮಂಥದೇ ಒಬ್ಬ ಉಸ್ತಾದ್. ತಲೆಗಿಷ್ಟು ಎಂದು ಅವರಿಗೆ ಕಮಿಷನ್ ಇತ್ತು. ಇಂಥ ಕರೆ ನಮಗೂ ಬಂದಿದೆ. ಇಷ್ಟು ಜನರನ್ನು ಸೇರಿಸಿಕೊಟ್ಟರೆ ನಿಮ್ಮ ಟಿಕೆಟ್ ಫ್ರೀ ಎಂದಿದ್ದರು. ಮದ್ರಸದ ಸಂಬಳದಲ್ಲಿ ಮನೆ ನಡೆಸುವವನಿಗೆ ಅದು ಸಣ್ಣ ಆಸೆಯಲ್ಲ. ಎರಡು ದಿನ ಯೋಚಿಸಿದ್ದು ನಿಜ. ಆದ್ದರಿಂದ ಓದುಗರೇ, ಉಸ್ತಾದ್ ಹೇಳಿದರು ಎಂಬ ಒಂದೇ ಕಾರಣಕ್ಕೆ ಹಣ ಕಟ್ಟಬೇಡಿ. ಅವರಿಗೆ ಇದರಲ್ಲಿ ಏನು ಸಿಗುತ್ತದೆ ಎಂದು ಕೇಳಿ. ಕೇಳಿದರೆ ಬೇಅದಬಿ ಆಗುವುದಿಲ್ಲ.

ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆ ಹೋಗಿ ನೋಡಿ. ಹರಾಜು ಕೂಗುವ ಮೊದಲು ರೀಲರ್ ಲಾಟಿನೊಳಗೆ ಕೈ ಹಾಕುತ್ತಾನೆ. ಗೂಡನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಾನೆ, ಒತ್ತಿ ನೋಡುತ್ತಾನೆ, ಕಲೆ ಬಿದ್ದದ್ದು ಎಷ್ಟು ಎಂದು ಅಳೆಯುತ್ತಾನೆ. ಒಂದು ದಿನದ ಮಾಲಿಗೆ ಇಷ್ಟು ಎಚ್ಚರ ಇರುವ ಮನುಷ್ಯ ಹತ್ತು ವರ್ಷದ ಉಳಿತಾಯವನ್ನು ಒಂದು ಫೋಟೊ ನೋಡಿ ಕಳಿಸುತ್ತಾನೆ. ನಾವು ಆ ಮನೆಯಲ್ಲಿ ಇದನ್ನೇ ಹೇಳಿದೆವು. ಯಜಮಾನರು ನಕ್ಕರು, ಪಿಯುಸಿ ಓದುವ ಮಗಳು ನಗಲಿಲ್ಲ. ಅವಳು ಒಳಗಿನಿಂದ ಒಂದು ನೋಟ್‌ಬುಕ್ ತಂದಳು.

ಅವಳು ಮಾಡಿದ ಕೆಲಸವನ್ನು ನಮ್ಮ ಮನೆಗಳ ಹೆಣ್ಣುಮಕ್ಕಳೂ ಮಾಡಬಲ್ಲರು, ಅದಕ್ಕೇ ವಿವರವಾಗಿ ಬರೆಯುತ್ತೇವೆ. ಉಜ್ಬೇಕಿಸ್ತಾನದ ಇ-ವೀಸಾ ಎಂದು ಹುಡುಕಿದರೆ ಮೊದಲು ಬರುವುದು ಜಾಹೀರಾತುಗಳು. ನೋಡಲಿಕ್ಕೆ ಸರ್ಕಾರದ್ದೇ ಎನ್ನುವ ಹಾಗಿರುತ್ತವೆ, ಕೇಳುವುದು ದುಪ್ಪಟ್ಟು, ಮುಪ್ಪಟ್ಟು. ಹುಡುಗಿ ವಿಳಾಸವನ್ನು ಹಿಂದಿನಿಂದ ಓದಿದಳು. ಕೊನೆಯಲ್ಲಿ 'ಗವ್ ಡಾಟ್ ಯುಝಡ್' ಇದ್ದರೆ ಮಾತ್ರ ಅದು ಆ ದೇಶದ ಸರ್ಕಾರದ್ದು. ನಾವು ನೋಡಿದಾಗ ಅಲ್ಲಿ ಒಂದು ಸಲದ ಪ್ರವೇಶಕ್ಕೆ, 30 ದಿನದ ವೀಸಾಕ್ಕೆ, 20 ಡಾಲರ್ ಇತ್ತು. ತಾಷ್ಕೆಂಟಿನಿಂದ ಸಮರ್ಕಂದ್ ಸುಮಾರು 300 ಕಿ.ಮೀ. 'ಅಫ್ರೊಸಿಯಾಬ್' ಎಂಬ ವೇಗದ ರೈಲು ಎರಡು ಗಂಟೆ ಚಿಲ್ಲರೆಯಲ್ಲಿ ಮುಟ್ಟಿಸುತ್ತದೆ. (ಮಂಗಳೂರಿನಿಂದ ಬೆಂಗಳೂರಿಗೆ ಶಿರಾಡಿ ಘಾಟಿಯಲ್ಲಿ ಕೂತು ಬರುವ ನಮಗೆ ಇದನ್ನು ಕೇಳಿ ಹೊಟ್ಟೆ ಉರಿಯಿತು.) ಆ ರೈಲಿನ ಟಿಕೆಟ್ ಬೇಗ ಮುಗಿಯುತ್ತದೆ, ಅಲ್ಲಿನ ರೈಲ್ವೆಯದೇ ಜಾಲತಾಣದಲ್ಲಿ ಮೊದಲೇ ತೆಗೆಯಬೇಕು. ಬೇಸಿಗೆ ನಡುವೆ ಅಲ್ಲಿ 40 ಡಿಗ್ರಿ ದಾಟುತ್ತದೆ, ಏಪ್ರಿಲ್ ಹಿತ. ಇದೆಲ್ಲ ಆ ನೋಟ್‌ಬುಕ್ಕಿನಲ್ಲಿ ದಿನಾಂಕದ ಸಮೇತ ಇತ್ತು. ಹೋಟೆಲಿನ ಬಗ್ಗೆ ಜನ ಬರೆದದ್ದರಲ್ಲಿ ಐದು ನಕ್ಷತ್ರದವನ್ನು ಬಿಟ್ಟು ಎರಡು, ಮೂರು ನಕ್ಷತ್ರದವನ್ನೇ ಓದಿದ್ದಳು. ದೂರು ಹೇಳುವವರಿಂದಲೇ ನಿಜ ತಿಳಿಯುತ್ತದಂತೆ.

ಉಮ್ರಾಕ್ಕೂ ಇದೇ ಮಾತು. ಮದೀನಾದ ರೌಳಾ ಶರೀಫಿನಲ್ಲಿ ನಮಾಝ್ ಮಾಡಲು 'ನುಸುಕ್' ಆ್ಯಪಿನಲ್ಲಿ ಸಮಯ ಪಡೆಯಬೇಕು, ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ. ಇದನ್ನು ಮನೆಯಲ್ಲಿ ಕೂತು ಕಲಿಯದೆ ಹೋಗಿ, ಅಲ್ಲಿ ಬಾಗಿಲಲ್ಲಿ ನಿಂತು ಅಳುವವರ ಕಥೆ ಪ್ರತಿ ವರ್ಷ ಕೇಳುತ್ತೇವೆ. ಸ್ಪೇನಿನ ಅಲ್‌ಹಂಬ್ರಾ ಅರಮನೆಗೂ ಹಾಗೆ. ಟಿಕೆಟ್ ಹೆಸರಿನ ಮೇಲೆ, ಪಾಸ್‌ಪೋರ್ಟ್ ತೋರಿಸಬೇಕು, ನಸ್ರೀ ಅರಮನೆಗಳಿಗೆ ಕೊಟ್ಟ ಹೊತ್ತು ತಪ್ಪಿದರೆ ಒಳಗೆ ಬಿಡುವುದಿಲ್ಲ.

ಇನ್ನು ಮೊದಲನೇ ಪ್ರಶ್ನೆ. ಮೂರು ಮಸೀದಿಗಳಿಗಲ್ಲದೆ ಪ್ರಯಾಣ ಕಟ್ಟಬಾರದು ಎಂಬ ಹದೀಸಿದೆಯಲ್ಲ, ಸಮರ್ಕಂದಿಗೆ ಯಾಕೆ ಎಂದು ಕೇಳುವವರಿದ್ದಾರೆ. ಆ ಮಾತು ಹೆಚ್ಚಿನ ಪ್ರತಿಫಲ ಬಯಸಿ ಮಸೀದಿಗೆ ಹೋಗುವುದರ ಬಗ್ಗೆ ಎಂದು ಅನೇಕ ಉಲಮಾಗಳು ವಿವರಿಸಿದ್ದಾರೆ, ನಾವು ಕಲಿತದ್ದೂ ಹಾಗೆಯೇ. ಭೂಮಿಯಲ್ಲಿ ಸಂಚರಿಸಿ ಹಿಂದಿನವರ ಗತಿ ನೋಡಿ ಎಂದು ಖುರ್‌ಆನ್ ಮತ್ತೆ ಮತ್ತೆ ಹೇಳುತ್ತದೆ. ಆದರೆ ನೋಡಿ ಎಂದದ್ದು ಕಣ್ಣಿನಿಂದ. ಸೆಲ್ಫಿ ತೆಗೆದು ಬಸ್ಸು ಹತ್ತುವುದಾದರೆ ಈ ವಾದವೇ ಬೇಡ.

ರೆಗಿಸ್ತಾನಿನ ಮೂರು ಮದ್ರಸಗಳಲ್ಲಿ ಹಳೆಯದು ಉಲೂಗ್ ಬೇಗ್ ಕಟ್ಟಿಸಿದ್ದು, 1420ರಲ್ಲಿ ಮುಗಿಯಿತು. ಶೇರ್‌ದಾರ್, ತಿಲ್ಲಾಕಾರಿ ಅದಕ್ಕಿಂತ ಇನ್ನೂರು ವರ್ಷ ಈಚಿನವು. ಉಲೂಗ್ ಬೇಗ್ ಅರಸನೂ ಹೌದು, ಗಣಿತ ಬಲ್ಲವನೂ ಹೌದು. ತನ್ನ ವೀಕ್ಷಣಾಲಯದಲ್ಲಿ ಸಾವಿರಕ್ಕೂ ಹೆಚ್ಚು ನಕ್ಷತ್ರಗಳ ಜಾಗ ಅಳೆದು ಪಟ್ಟಿ ಮಾಡಿಸಿದ. 1449ರಲ್ಲಿ ಮಗನ ಕಡೆಯವರೇ ಅವನನ್ನು ಕೊಂದರು, ವೀಕ್ಷಣಾಲಯ ಹಾಳಾಯಿತು, ಅದರ ನೆಲದೊಳಗಿನ ಕಮಾನು ಮತ್ತೆ ಸಿಕ್ಕಿದ್ದು 1908ರಲ್ಲಿ. ಇಂದು ಆ ಮದ್ರಸಗಳಲ್ಲಿ ಪಾಠವಿಲ್ಲ, ಕೋಣೆಗಳಲ್ಲಿ ಟೋಪಿ, ಶಾಲು, ಪಿಂಗಾಣಿ ಮಾರುತ್ತಾರೆ. ಇದನ್ನು ಹೇಳಿದಾಗ ಆ ಹುಡುಗ "ಹಾಗಾದರೆ ನಮ್ಮದೇ ಚಲೋ, ನಮ್ಮದರಲ್ಲಿ ಪಾಠ ಆಗ್ತದೆ" ಎಂದ. ನಮಗೆ ಉತ್ತರ ಹೊಳೆಯಲಿಲ್ಲ.

ಸಮರ್ಕಂದಿನ ಹತ್ತಿರವೇ ಇಮಾಮ್ ಬುಖಾರಿಯವರ ಖಬರ್ ಇದೆ, ಹಿಜರಿ 256ರಲ್ಲಿ ತೀರಿಕೊಂಡವರು. ಬುಖಾರಿ ಎಂಬುದು ಬುಖಾರಾ ಎಂಬ ಊರಿನಿಂದ ಬಂದ ಹೆಸರು, ತಿರ್ಮಿದಿ ಎಂಬುದು ತಿರ್ಮಿದ್ ಎಂಬ ಊರಿನಿಂದ. ಎರಡೂ ಆ ದೇಶದಲ್ಲೇ ಇವೆ. ಕಿತಾಬಿನ ಬೆನ್ನಲ್ಲಿ ಮಾತ್ರ ಈ ಹೆಸರು ಕಂಡ ನಮ್ಮ ಮಕ್ಕಳಿಗೆ ಇವೂ ನಮ್ಮ ಉಳ್ಳಾಲ, ಕೃಷ್ಣಾಪುರದ ಹಾಗೆ ಜನ ಬದುಕುವ ಊರುಗಳು ಎಂದು ಗೊತ್ತಾದರೆ ಪಾಠ ಬೇರೆಯಾಗುತ್ತದೆ. ರೀಲರ್ ಯಜಮಾನರಿಗೆ ಆಸೆ ಇದ್ದದ್ದು ಬೇರೆ. ಫರ್ಗಾನಾ ಕಣಿವೆಯ ಮಾರ್ಗಿಲಾನಿನಲ್ಲಿ ಇಂದಿಗೂ ಗೂಡು ಬೇಯಿಸಿ ನೂಲು ತೆಗೆದು ಕೈಮಗ್ಗದಲ್ಲಿ ರೇಷ್ಮೆ ನೇಯುತ್ತಾರೆ. ಗೂಡಿನ ಬೆಳೆಯಲ್ಲಿ ಚೀನಾ, ಭಾರತದ ನಂತರ ಆ ದೇಶವೇ. "ಅವರ ಗೂಡಿನಲ್ಲಿ ನೂಲು ಎಷ್ಟು ಬರುತ್ತದೆ ಅಂತ ನಾನೇ ಕೈಯಲ್ಲಿ ಹಿಡಿದು ನೋಡಬೇಕು ಹಜ್ರತ್" ಎಂದರು. ಇದಕ್ಕಿಂತ ಒಳ್ಳೆಯ ನಿಯ್ಯತ್ ಪ್ರವಾಸಕ್ಕೆ ಬೇಕೆಂದು ನಮಗೆ ಅನ್ನಿಸಲಿಲ್ಲ.

ಹೊರಗಿನವರು ನಮ್ಮನ್ನು ನೋಡಲು ಬಂದದ್ದೂ ಉಂಟು. 1325ರಲ್ಲಿ ಮೊರಾಕ್ಕೊದ ತಾಂಜಾ ಊರಿನಿಂದ ಹೊರಟ ಇಬ್ನ್ ಬತೂತಾ ಮಂಗಳೂರಿಗೂ ಬಂದು, ಇಲ್ಲಿ ಸುಮಾರು 4,000 ಮುಸ್ಲಿಮರಿದ್ದಾರೆ ಎಂದು ಬರೆಸಿದ್ದಾರೆ. 1786ರಲ್ಲಿ ಟಿಪ್ಪು ಸುಲ್ತಾನರ ನಿಯೋಗ ಉತ್ತರ ಕನ್ನಡದ ತದಡಿಯಿಂದ ಹಡಗು ಹತ್ತಿ ಇಸ್ತಾಂಬುಲಿಗೆ ಹೋಯಿತು. ಹೋದ ನೂರಾರು ಜನರಲ್ಲಿ ಬಹುಪಾಲು ಜನ ಕಾಯಿಲೆಗೆ, ಹಡಗು ಒಡೆದು ಸತ್ತರು. ಅದೇ ಟಿಪ್ಪುವಿನ ಬೇಸಿಗೆ ಅರಮನೆ ನಮ್ಮ ನಂದಿಬೆಟ್ಟದಲ್ಲಿದೆ. 1791ರ ಅಕ್ಟೋಬರ್ 19ರಂದು ಇಂಗ್ಲಿಷರು ಆ ಕೋಟೆ ಗೆದ್ದರು. ಗೌರಿಬಿದನೂರಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹದ ಜನರ ಮೇಲೆ ಗುಂಡು ಹಾರಿತು. ನಮ್ಮ ಮದ್ರಸದಲ್ಲಿ ಕೈ ಎತ್ತಿಸಿ ಕೇಳಿದೆವು. ನಂದಿಬೆಟ್ಟಕ್ಕೆ ಹೋದವರು ಬಹಳ, ಅರಮನೆ ನೋಡಿದವರು ಮೂವರು, ವಿದುರಾಶ್ವತ್ಥ ಕೇಳಿದವರು ಒಬ್ಬರೂ ಇಲ್ಲ.

ಹಾಗಾಗಿ ಆ ಮನೆಯವರ ಹತ್ತಿರ ಒಂದು ಕರಾರು ಮಾಡಿಕೊಂಡೆವು. ಸಮರ್ಕಂದಿಗೆ ಹೋಗುವ ಮೊದಲು ಒಂದು ಭಾನುವಾರ ಮದ್ರಸದ ಮಕ್ಕಳ ಜೊತೆ ನಂದಿ, ಮರುವಾರ ವಿದುರಾಶ್ವತ್ಥ. ವ್ಯಾನಿನ ಬಾಡಿಗೆ ಯಜಮಾನರದು. ಯಾವ ಹೊತ್ತಿಗೆ ಹೊರಡುವುದು, ಝುಹರ್ ಎಲ್ಲಿ, ಊಟ ಎಲ್ಲಿ ಎಂಬುದನ್ನೆಲ್ಲ ಹುಡುಗಿ ಆಗಲೇ ಅದೇ ನೋಟ್‌ಬುಕ್ಕಿನಲ್ಲಿ ಬರೆಯಲು ಕೂತಿದ್ದಳು. ಚಿಂತಾಮಣಿಯ ಆ ಉಮ್ಮನನ್ನೂ ಕರೆಯಿರಿ ಎಂದೆವು. ಮುಂದಿನ ಸೀಟು ಅವರಿಗೆ ಇಟ್ಟಿದೆ.