ಸಿಡಿ ಮಾಡಿಟ್ಟರೆ ಕಲೆ ಉಳಿಯಿತೇ?

‘ಎಲ್ಲವನ್ನೂ ಸಿಡಿ ಮಾಡಿ ಇಟ್ಟೇವಲ್ಲ’ ಎಂಬ ಮಾತನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಒಂದು ವಿಸಿಡಿಗೆ ಹಿಡಿಸುವುದು ಸುಮಾರು 74 ನಿಮಿಷ. ಬೆಳತನಕ ನಡೆಯುವ ದೊಡ್ಡಾಟಕ್ಕೆ ಏಳೆಂಟು ಬೇಕು. ಎರಡಕ್ಕೇ ಮುಗಿಸಿದ್ದರೆ ಉಳಿದ ರಾತ್ರಿ ಕತ್ತರಿಯ ಪಾಲು.

ಇಟ್ಟದ್ದಾದರೂ ಉಳಿದಿದೆಯೇ? ಅಂಗಡಿಯಲ್ಲಿ ಬರೆಸಿದ ಸಿಡಿಯಲ್ಲಿ ಆಟವೆಲ್ಲ ಅಡಗಿರುವುದು ತೆಳುವಾದೊಂದು ಬಣ್ಣದ ಪದರಿನಲ್ಲಿ. ಬಿಸಿಲು, ಸೆಕೆ ಅದನ್ನು ಕೆಡಿಸುತ್ತವೆ. ಹೆಸರು ಬರೆಯುವ ಬದಿ ಆಳವಾಗಿ ಗೀರಿದರೂ ಹೋಯಿತು. ಸಿಡಿ ಚೆನ್ನಾಗಿದ್ದರೂ, ಹಾಕಿ ನೋಡಲು ಈಗಿನ ಲ್ಯಾಪ್‌ಟಾಪುಗಳಲ್ಲಿ ಡ್ರೈವೇ ಇರುವುದಿಲ್ಲ.

ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ತೊಗಲುಗೊಂಬೆಯಾಟ ಅವರವರೆಗೆ ಬಂದದ್ದು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟಿದ್ದರಿಂದ. ಸಿಡಿಗೂ ಅದೇ ನ್ಯಾಯ. ದಾಟಿಸುತ್ತಿದ್ದರಷ್ಟೇ ಉಳಿವು.

ಬೀರುವಿಗೆ ಬೀಗ ಹಾಕಿ ಅದನ್ನು ಸಂರಕ್ಷಣೆ ಎನ್ನಬೇಡಿ. ಡ್ರೈವು ಸಿಗುವಾಗಲೇ ಎಲ್ಲವನ್ನೂ ಹಾರ್ಡ್‌ಡಿಸ್ಕಿಗೆ ಇಳಿಸಿ, ಎರಡು ಮೂರು ಕಡೆ ಇಡಿ, ಕಾಲೇಜಿನ ಹುಡುಗ ಹುಡುಗಿಯರಿಗೆ ನೋಡಲು ಕೊಡಿ. ಜೊತೆಗೆ, ಬದುಕಿರುವ ಕಲಾವಿದರಿಗೆ ಆಡಲು ಒಂದು ರಾತ್ರಿ, ಅದಕ್ಕೆ ತಕ್ಕ ಸಂಭಾವನೆ ಕೊಡಿ.