ಜೊಂಡಿಗ ಯಾರ ಊರಿಂದ ಬಂತು?

ಇಚಲಕರಂಜಿಯ ಚಾಳಿನ್ಯಾಗ, ಕೊಲ್ಹಾಪುರದ ಕಾಟ್ ಬೇಸಿಸ್ ರೂಮಿನ್ಯಾಗ ಇರೋ ನಮ್ಮ ಹುಡುಗರಿಗೆ ಈ ಮಾತು ಹೊಸದಲ್ಲ. ಅಡಿಗಿ ಕಟ್ಟಿ ಮ್ಯಾಲ ಜೊಂಡಿಗ ಕಂಡ್ರ ಮಾಲಕರು ಮೊದಲು ಅನ್ನೋದು, "ನೀವು ಬಂದ ಮ್ಯಾಲೇ ಝುರಳ ಆದವು." ಬಾಜೂ ಖೋಲಿಯವರು ಬಿಹಾರದಿಂದ ಬಂದವರ ಕಡೆ ಬೆರಳು ತೋರಸ್ತಾರ.

ಹಿಂಗ ಬೆರಳು ತೋರಿಸೋದು ಜಗತ್ತಿನ ತುಂಬ ನಡೆದದ. ಕುತ್ತಿಗಿ ಹಿಂದ ಎರಡು ಕರಿ ಗೆರಿ ಇರೋ ಸಣ್ಣ ಕಂದು ಜಿರಲೆಗೆ 'ಜರ್ಮನ್ ಜಿರಲೆ' ಅಂತ ಹೆಸರು, 1767ರಲ್ಲಿ ಲಿನೇಯಸ್ ಇಟ್ಟದ್ದು. ಜರ್ಮನರು ಅದನ್ನ ರಷ್ಯಾದ್ದು ಅಂದ್ರು, ರಷ್ಯನ್ನರು ಪ್ರಷ್ಯಾದ್ದು ಅಂದ್ರು. 2024ರಲ್ಲಿ ಪ್ರಕಟವಾದ ವಂಶವಾಹಿ ಅಧ್ಯಯನದ ಪ್ರಕಾರ ಅದರ ಮೂಲ ಭಾರತ ಇಲ್ಲಾ ಮ್ಯಾನ್ಮಾರ್ ಕಡೆ, ಸುಮಾರು 2,100 ವರ್ಷದ ಹಿಂದ. ಮಾಲಕರಿಗೆ ಇದನ್ನೂ ಒಮ್ಮೆ ಹೇಳಿ ನೋಡ್ರಿ.

ಖರೇ ಅಂದ್ರ ಅದು ಬರೋದು ರಟ್ಟಿನ ಬಾಕ್ಸಿನ್ಯಾಗ, ಗೋಣಿ ಚೀಲದಾಗ, ಸೆಕೆಂಡ್ ಹ್ಯಾಂಡ್ ಫ್ರಿಜ್ಜಿನ ಮೋಟಾರ್ ಹಿಂದ. ಒಂದು ಖೋಲಿಗೆ ಬಂದಮ್ಯಾಲ ಪೈಪಿನ ತೂತು, ಗೋಡೆಯ ಬಿರುಕು ಹಿಡಿದು ಸಾಲು ಚಾಳನ್ನೇ ತಿರುಗ್ತದ. ದೊಡ್ಡ ಕೆಂಪು ಜೊಂಡಿಗದ ಕತಿ ಬ್ಯಾರೆ, ಅದು ಮೋರಿ, ಗಟಾರದ್ದು. ಅದಕ್ಕ ಜಾಳಿ ಹಾಕಿ ರಾತ್ರಿ ಮುಚ್ಚಿದ್ರ ಅರ್ಧ ಕೆಲಸ ಮುಗೀತು.

ಸಣ್ಣದಕ್ಕ ನಾವು ಮಾಡೋದು ಸ್ಪ್ರೇ. ಎದುರು ಕಂಡದ್ದು ಸಾಯ್ತದ, ಉಳಿದವು ಬಾಜೂ ಖೋಲಿಗೆ ಓಡ್ತಾವ. ಒಂದೊಂದು ಮೊಟ್ಟೆ ಚೀಲದಾಗ 30-40 ಮರಿ. ಚೀಲದೊಳಗಿನ ಮೊಟ್ಟೆಗೆ ಸ್ಪ್ರೇ ಸರಿಯಾಗಿ ಮುಟ್ಟೋದಿಲ್ಲ. ಸಾಲದ್ದಕ್ಕ ಈ ಔಷಧಿಗಳನ್ನ ತಡಕೊಳ್ಳೋ ಜಿರಲೆಗಳು ಎಷ್ಟೋ ದೇಶದಾಗ ಬೆಳೆದಾವ.

ಸ್ಪ್ರೇ ಸೋತಾಗ ಕೆಲವರು ಹಬ್ಬಕ್ಕ ಊರಿಗೆ ಹೋಗಿ ಕಬ್ಬಿನ ಹೊಲದ ಔಷಧಿ ಬಾಟಲಿ ತರ್ತಾರ. ಇದನ್ನ ಮಾತ್ರ ಮಾಡಬ್ಯಾಡ್ರಿ. ಹೊಲಕ್ಕ ಗಾಳಿ ಐತಿ, ಹತ್ತು ಬೈ ಹತ್ತರ ಖೋಲಿಗೆ ಇಲ್ಲ. ಅಲ್ಲೇ ಅನ್ನ, ಅಲ್ಲೇ ಹಾಸಿಗಿ, ಅಲ್ಲೇ ಕೂಸು. 'ನುವಾನ್' ಅಂತ ಎಲ್ಲರಿಗೂ ಗೊತ್ತಿರೋ ಡೈಕ್ಲೋರ್ವಾಸ್ ಅಂತೂ 2020ರ ಡಿಸೆಂಬರ್ 31ರಿಂದ ದೇಶದಾಗ ನಿಷೇಧ. ಡಬ್ಬಿ ಮೇಲಿನ ಇಂಗ್ಲಿಷ್, ಹಿಂದಿ ಓದಾಕ ಬರದ ಹಿರಿಯರಿಗೆ ಬಣ್ಣ ಕಲಿಸ್ರಿ: ಕೀಟನಾಶಕದ ಚೀಟಿ ಮೇಲಿನ ಗುರುತು ಕೆಂಪಿದ್ದರೆ ಅತಿ ಘೋರ ವಿಷ, ಆಮೇಲೆ ಹಳದಿ, ನೀಲಿ, ಎಲ್ಲಕ್ಕಿಂತ ಕಡಿಮೆ ಹಸಿರು. ಹಸಿರು ಅಂದ್ರೂ ವಿಷಾನೇ.

ಹಂಗಂತ ಸುಮ್ಮನಿರೋ ವಿಷಯನೂ ಅಲ್ಲ. ಜೊಂಡಿಗದ ಹೇಲು, ಪೊರೆ ಧೂಳಾಗಿ ಮಕ್ಕಳಿಗೆ ದಮ್ಮು ಕೆರಳಿಸ್ತದ. ಮಗ್ಗದ ಹತ್ತಿ ಧೂಳು ದಿನಾ ಕುಡಿಯೋ ಮನೆತನಗಳಿಗೆ ಇದೊಂದು ಮ್ಯಾಲಿನ ಹೊರೆ.

ನಮ್ಮ ಅಭಿಪ್ರಾಯ ಇಷ್ಟ: ಜೆಲ್ ತರ್ರಿ, ಮತ್ತ ಚಾಳಿನ ಎಲ್ಲಾ ಖೋಲಿಗೂ ಒಂದೇ ದಿನ ಹಾಕ್ರಿ. ಗ್ಯಾಸ್ ಕಟ್ಟಿ ಸಂದಿ, ಸಿಂಕಿನ ಕೆಳಗ, ಕಪಾಟಿನ ಬಿಜಾಗರಿ, ಫ್ರಿಜ್ಜಿನ ಹಿಂದ ಅಕ್ಕಿಕಾಳಿನಷ್ಟು ಚುಕ್ಕಿ, ಕೂಸಿನ ಕೈಗೆ ಸಿಗದಂಗ. ತಿಂದದ್ದು ಗೂಡಿಗೆ ಹೋಗಿ ಸಾಯ್ತದ, ಅದರ ಹೇಲು, ಹೆಣ ತಿಂದು ಮರಿಗಳೂ ಸಾಯ್ತಾವ. ಅದರ ಮ್ಯಾಲ ಸ್ಪ್ರೇ, ಫಿನಾಯಿಲ್ ಹಾಕಬ್ಯಾಡ್ರಿ, ವಾಸನಿಗೆ ತಿನ್ನೋದಿಲ್ಲ. ರಾತ್ರಿ ಎಂಜಲ ಭಾಂಡಿ ಬಿಡಬ್ಯಾಡ್ರಿ, ಸೋರೋ ನಳ ಕಟ್ರಿ, ನೀರಿಲ್ಲದ ಜೊಂಡಿಗ ಬಾಳ ದಿನ ಬದುಕೋದಿಲ್ಲ.

ಒಂದು ಟ್ಯೂಬ್ ಸ್ಪ್ರೇಗಿಂತ ತುಟ್ಟಿ ಅನ್ನಿಸಬಹುದು, ನಾಲ್ಕೈದು ಖೋಲಿ ಕೂಡಿ ತಗೊಂಡ್ರ ಹೊರೆ ಆಗೋದಿಲ್ಲ. ಗೋಡೆ ತೂತು ಮುಚ್ಚೋ ಸಿಮೆಂಟು, ಮೋರಿ ಜಾಳಿ ಮಾತ್ರ ಮಾಲಕರ ಲೆಕ್ಕಕ್ಕ. ಬಾಡಿಗಿ ತಗೊಳ್ಳೋರು ಅವರು. ಯಾವ ದಿನ ಹಾಕೋದು ಅಂತ ಚೀಟಿ ಹಚ್ಚೋವಾಗ ಕನ್ನಡ, ಮರಾಠಿ, ಹಿಂದಿ ಮೂರರಾಗೂ ಬರೀರಿ. ಒಂದು ಖೋಲಿ ಬಿಟ್ಟು ಹೋದ್ರ ತಿಂಗಳೊಪ್ಪತ್ತಿನ್ಯಾಗ ಎಲ್ಲಾ ಖೋಲಿಗೂ ತಿರುಗಿ ಬರ್ತಾವ.